ಎರಡು ಚುಕ್ಕಿಯ ಸಿಲಿಂಡರ್ (ಕಂತು ಒಂಬತ್ತು)

ಬಿಸಿಲಿಗೆ ಹರವಿದ ಬ್ಯಾಡಗಿ ಮೆಣಸಿನಕಾಯಿಯ ವಾಸನೆ ಖಾರದ್ದಲ್ಲ. ಒಣದ್ರಾಕ್ಷಿಯಂಥ, ಹಳೆಯ ಚರ್ಮದ ಚೀಲದಂಥ, ಒಂಚೂರು ಸಿಹಿಯಾದ ವಾಸನೆ ಅದು. ಐದು ವರ್ಷದ ಅನಸೂಯಾ ಅಜ್ಜಿಯ ತೊಡೆಗೆ ಒರಗಿ ಕೂತಿರುತ್ತಿದ್ದಳು. ಅಜ್ಜಿ ಒಂದೊಂದೇ ಕಾಯಿ ಎತ್ತಿ, ಹೆಬ್ಬೆರಳು ತೋರುಬೆರಳಿನಲ್ಲಿ ತೊಟ್ಟು ಚಿವುಟಿ ಎಸೆಯುತ್ತಿದ್ದಳು. ಅಜ್ಜಿಯ ಸೆರಗಿಗೂ ಅದೇ ವಾಸನೆ, ಅವಳು ಕಲಸಿ ಬಾಯಿಗಿಡುವ ತುತ್ತಿಗೂ ಅದೇ ವಾಸನೆ.

ಐವತ್ತೇಳು ವರ್ಷದ ಮೇಲೆ ಆ ವಾಸನೆ ಹಾವೇರಿಯ ಪೊಲೀಸ್ ಠಾಣೆಯ ಹಿತ್ತಲಿನಲ್ಲಿ, ನುಜ್ಜುಗುಜ್ಜಾದ ಮೋಟರ್ ಸೈಕಲ್ಲೊಂದರ ಬ್ರೇಕ್ ಆಯಿಲ್ ಡಬ್ಬಿಯಿಂದ ಎದ್ದು ಬಂತು.

"ಬಾಯಾರ, ಏನರ ಸಿಕ್ತೇನ್ರಿ?" ಸಬ್ ಇನ್ಸ್‌ಪೆಕ್ಟರ್ ಮೈಲಾರೆಪ್ಪ ಬೇವಿನ ಮರದ ನೆರಳಿನಿಂದಲೇ ಕೇಳಿದ.

ಅನಸೂಯಾಬಾಯಿ ಮುಚ್ಚಳದ ಕೆಳಗಿದ್ದ ತೆಳು ರಬ್ಬರನ್ನು ಇಕ್ಕಳದಿಂದ ಎತ್ತಿ ಬೆಳಕಿಗೆ ಹಿಡಿದರು. ಅಂಚಿನಲ್ಲಿ ಕೆಂಪು ಕಲೆ. ಒಂದು ಬದಿಗೆ ಅಗಲ, ಇನ್ನೊಂದು ಬದಿಗೆ ಕಿರಿದು. ಯಾರೋ ಚಿವುಟಿ ಹಿಡಿದಂತೆ.

"ಮೆಣಸಿನಕಾಯಿ ಬಣ್ಣ ಅದ. ಈ ಡಬ್ಬಿ ಕಡೀಗೆ ತೆರೆದದ್ದು ಬ್ಯಾಡಗಿ ಕೈ, ಮೈಲಾರೆಪ್ಪ. ಮೆಕ್ಯಾನಿಕ್ ದಾದಾಪೀರನ ಗ್ರೀಸಿನ ಕೈ ಅಲ್ಲ."

"ಬ್ಯಾಡಗಿಯೊಳಗ ಯಾರ ಕೈ ಕೆಂಪಿಲ್ಲರಿ? ಊರಿಗೂರ ಹಿಡಕೊಂಡ ಬರ್ಲೇನು?"

ಮಾತು ತಮಾಷೆಯದು, ಆದರೆ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಅವನು ಕೈಗಡಿಯಾರ ನೋಡಿಕೊಂಡ. "ಈಗ ಹತ್ತಾತು. ಸಂಜಿ ಐದಕ್ಕ ದಾದಾಪೀರನ ಪೊಲೀಸ್ ಕಸ್ಟಡಿ ಮುಗೀತೈತಿ, ಕೋರ್ಟಿಗೆ ಒಯ್ಯೂದೈತಿ. ಅಲ್ಲಿಂದ ಸೀದಾ ಜೈಲು. ಗಾಡಿನೂ ಅದ ಹೊತ್ತಿಗೆ ಸವಾರನ ಮನಿಯವ್ರು ಒಯ್ತಾರ. ಬಿಡುಗಡಿ ಆರ್ಡರ್ ತಂದಾರ, ಗುಜರಿಗೆ ಹಾಕ್ತಾರಂತ. ಆಮ್ಯಾಲೆ ಏನ ಮೂಸಿ ನೋಡ್ತೀರಿ?"

ಅನಸೂಯಾಬಾಯಿ ರಬ್ಬರನ್ನು ಒಂದು ಚೀಟಿಯಲ್ಲಿ ಸುತ್ತಿಟ್ಟರು. ಹೋದ ವಾರ ಇದೇ ಗಾಡಿಯ ಪಂಚನಾಮೆಗೆ ಸಹಿ ಹಾಕಿದವರು ಅವರೇ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವರೆಂದು ಅವರನ್ನು ಕರೆಸಿದ್ದರು. ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್, ಅಂದರೆ ಹಿಡಿಕೆ ಒತ್ತಿದಾಗ ಎಣ್ಣೆ ನೂಕುವ ಕೊಳವೆ, ಸವಾರನ ಕೈಗೆ ಹೊಂದದ, ತಪ್ಪು ಅಳತೆಯದು ಎಂದು ಅವರು ಹೇಳಿದ್ದು ನಿಜ. ಆದರೆ ಕಾಗದದಲ್ಲಿ 'ಹಾಕಿದವನು ರಾಣೆಬೆನ್ನೂರಿನ ಮೆಕ್ಯಾನಿಕ್ ದಾದಾಪೀರ' ಎಂದೂ ಬರೆದಿತ್ತು. ಅದರ ಮೇಲೆ ಬರೀ ಕಣ್ಣಾಡಿಸಿ ಬಿಟ್ಟಿದ್ದರು. ಆ ಒಂದು ಸಾಲಿನ ಮೇಲೆ ಒಬ್ಬ ಮನುಷ್ಯ ಒಳಗೆ ಕೂತಿದ್ದ.

ಇನ್ನೊಬ್ಬ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನದಿಂದ ಕಣ್ಣು ತೆರೆದಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯ ಕಿರಿಯ ಮಗ ವೀರೇಂದ್ರ. ಮೋಟೆಬೆನ್ನೂರು ಕ್ರಾಸಿನಲ್ಲಿ ಟ್ರ್ಯಾಕ್ಟರ್ ಅಡ್ಡ ಬಂದಾಗ ಬ್ರೇಕು ಹಿಡಿದಿದ್ದ. ಹಿಡಿಕೆ ಕಲ್ಲಿನಂತೆ ನಿಂತಿತ್ತು, ಗಾಡಿ ನಿಂತಿರಲಿಲ್ಲ.

"ಒಂದ ಸಲ ದಾದಾಪೀರನ ಕೂಡ ಮಾತಾಡಬೇಕು," ಎಂದರು.

ಮೈಲಾರೆಪ್ಪ ತಾನೇ ಚೊಂಬಿನಿಂದ ಅವರ ಕೈಗೆ ನೀರು ಹಾಕಿದ. "ಮದ್ಲ ಕೈ ತೊಳ್ಕೋರಿ. ಬ್ರೇಕ್ ಆಯಿಲ್ ಕೈ ಸುಡತೈತಿ."

ಠಾಣೆಯ ಮೆಟ್ಟಿಲ ಮೇಲೆ ದಾದಾಪೀರನ ಹೆಂಡತಿ ಮಹಮೂದಾಬೇಗಂ ಊಟದ ಡಬ್ಬಿ ಹಿಡಿದು ಕೂತಿದ್ದಳು. ಮೂರು ದಿನದಿಂದ ಆ ಡಬ್ಬಿ ಹೋದಂತೆಯೇ ವಾಪಸು ಬರುತ್ತಿತ್ತು. ಅನಸೂಯಾಬಾಯಿಯನ್ನು ಕಂಡು ಅವಳು ಮುಖ ತಿರುಗಿಸಲಿಲ್ಲ. ನೆರಳಿನಲ್ಲಿ ಅವರಿಗೂ ಜಾಗವಾಗಲೆಂದು ಸ್ವಲ್ಪ ಸರಿದಳು ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ದಾದಾಪೀರ ಸರಳುಗಳ ಹಿಂದೆ ಗೋಡೆಗೊರಗಿ ಕೂತಿದ್ದ. ಐವತ್ತು ದಾಟಿದ ಆಳು, ಸಕ್ಕರೆ ಕಾಯಿಲೆಯವನು. ತುಟಿ ಒಣಗಿ ಬಿಳಿಚಿತ್ತು.

"ಯಾಕ ಉಣವಲ್ಲಿ ದಾದಾಪೀರ? ಗುಳಿಗಿ ತಗೊಂಡು ಉಣದಿದ್ರ ಬಿದ್ದ ಹೋಗ್ತೀಯಲ್ಲೋ."

"ಗಂಟಲಾಗ ಇಳಿಯವಲ್ದುರಿ ಬಾಯಾರ." ಅವನ ದನಿ ಸಣ್ಣದಾಗಿತ್ತು. "ಕಳ್ಳ ಅನ್ಲಿ, ಸುಳ್ಳ ಅನ್ಲಿ, ಅನಿಸ್ಕೋತೀನಿ. ಅಳತಿ ತಪ್ಪಿದಾಂವ ಅಂದ್ರ ಹ್ಯಾಂಗ ಉಣ್ಲಿ? ನಾ ಹದಿನಾಕು ಎಮ್ಮೆಮ್ಮಿನ ಸಿಲಿಂಡರ್ ಹಾಕಿಲ್ಲರಿ. ಹನ್ನೊಂದು ಹಾಕೇನಿ."

"ಗಾಡಿಯೊಳಗ ಇರೋದು ಹದಿನಾಲ್ಕ ಅದ. ಕೆಳಗ ಅಚ್ಚೊತ್ಯಾರ, ನಾನ ಓದೇನಿ."

"ಅದು ವೀರೇಂದ್ರ ಹುಬ್ಬಳ್ಳಿಯಿಂದ ತಂದಿದ್ದು. ಹೊಸಾದು, ಡಬ್ಬಿ ಸಮೇತ. ಹಳೇದು ಸೋರಾಕತ್ತಿತ್ತಲ್ಲರಿ, ದಾದಾ, ಇದನ್ನ ಹಾಕು, ರೇಸಿನ ಗಾಡಿಗೆ ಇದನ್ನ ಹಾಕ್ತಾರ ಅಂದ. ಹಾಕಿ ಒತ್ತಿಸಿ ನೋಡಿದೆ. ಅವನ ಬಲಗೈಯಾಗ ಎರಡ ಬೆರಳಿಗೆ ಬಲಾ ಇಲ್ಲ, ಗಿರಣಿ ಬೆಲ್ಟಿಗೆ ಸಿಕ್ಕಿದ್ದು. ಒತ್ತಿದ್ರ ಹಿಡಿಕಿ ಅಲಗಾಡವಲ್ದು. ನಾ ಅಂದೆ, ತಮ್ಮಾ, ಇದು ಎರಡ ಡಿಸ್ಕಿನ ಗಾಡಿಗೆ, ಪೈಲವಾನರ ಕೈಗೆ. ನಿನಗ ಹನ್ನೊಂದು ಬೇಕು. ನನ್ನ ಹತ್ರ ಒಂದು ಹಳೇದಿತ್ತು. ಬಿಚ್ಚಿ ತೊಳದು ಹೊಸಾ ರಬ್ಬರ್ ಹಾಕಿ ಕೂರಿಸಿದೆ. ಬೆಣ್ಣಿಯಂಗ ಇಳೀತರಿ ಹಿಡಿಕಿ. ಹದಿನಾಕನ್ನ ತಿರುಗಿ ಡಬ್ಬಿಯೊಳಗ ಹಾಕಿ ಅವನ ಕೈಯಾಗ ಕೊಟ್ಟೆ."

"ಹನ್ನೊಂದು ನಿಂದ ಅಂತ ಗುರ್ತ ಹ್ಯಾಂಗ?"

"ಕೆಳಗ ಪಂಚಿನಿಂದ ಎರಡ ಚುಕ್ಕಿ ಹೊಡದೇನಿ. ಎರಡ ಬೆರಳಿನ ಗಿರಾಕಿ ಅಂತ."

ಬಾಗಿಲಲ್ಲಿ ನಿಂತಿದ್ದ ಮೈಲಾರೆಪ್ಪ ತಲೆ ಕೆರೆದುಕೊಂಡ. "ಬಾಯಾರ, ದೊಡ್ಡದು ಹಾಕಿದ್ರ ಬ್ರೇಕು ಜೋರ ಹಿಡೀಬೇಕಲ್ಲರಿ?"

"ಹೋಳಿ ಹಬ್ಬದಾಗ ಪಿಚಕಾರಿ ಹೊಡದೀರಿಲ್ಲೋ? ಸಣ್ಣ ಕೊಳವೀದು ಎರಡ ಬೆರಳಿಲೆ ನೂಕಿದ್ರೂ ಜೋರ ಹಾರ್ತದ, ನೂಕೋದು ಮಾತ್ರ ಉದ್ದ. ದಪ್ಪ ಕೊಳವೀದು ಎದಿಗೆ ಆನಿಸಿ ನೂಕಬೇಕು. ಕೈಯ ಬಲಾ ಅಷ್ಟ ಇದ್ರ, ಕೊಳವಿ ಸಣ್ಣದಾದಷ್ಟು ಒತ್ತು ಹೆಚ್ಚು. ನನ್ನ ಕ್ಲಾಸಿನೊಳಗ ಇದ್ದಿದ್ರ ಇದನ್ನ ಕೇಳ್ತಿದ್ದಿಲ್ಲ ನೀವು."

"ನಾ ಆರ್ಟ್ಸ್ ರಿ," ಎಂದ ಮೈಲಾರೆಪ್ಪ. ನಂತರ ಮೆಲ್ಲಗೆ, "ಆ ಎರಡ ಚುಕ್ಕಿದು ಐದರೊಳಗ ತಂದ ಕೊಡ್ರಿ. ಕೋರ್ಟಿಗೆ ನಾ ಹೇಳ್ತೀನಿ. ಬರೇ ಮಾತು ಒಯ್ದ್ರ ನನ್ನ ಮಾತೂ ನಡಿಯೂದಿಲ್ಲ."

*

ರಾಣೆಬೆನ್ನೂರಿನ ಗ್ಯಾರೇಜಿಗೆ ಮುಟ್ಟುವ ಹೊತ್ತಿಗೆ ಹನ್ನೆರಡಾಗಿತ್ತು. ಮಹಮೂದಾಬೇಗಂ ಬೀಗ ತೆಗೆದಳು. ಇಬ್ಬರೂ ಸೇರಿ ಶಟರ್ ಎತ್ತಿದರು.

ಒಳಗೆ ಪೆಟ್ರೋಲು, ಗ್ರೀಸು, ಧೂಳು. ಹಳೆಯ ಸಾಮಾನುಗಳ ಡಬ್ಬಗಳನ್ನೆಲ್ಲ ನೆಲಕ್ಕೆ ಸುರಿದು ಎರಡು ತಾಸು ಹುಡುಕಿದರು. ಎರಡು ಚುಕ್ಕಿಯದು ಇರಲಿಲ್ಲ. ಇರಬಾರದು ಕೂಡ, ಇದ್ದಿದ್ದರೆ ದಾದಾಪೀರ ಸುಳ್ಳುಗಾರನಾಗುತ್ತಿದ್ದ. ಇಲ್ಲದಿರುವುದು ಸಮಾಧಾನವೋ ಸಂಕಟವೋ ಅನಸೂಯಾಬಾಯಿಗೆ ತಿಳಿಯಲಿಲ್ಲ.

"ಬಾಯಾರ, ಇದನ್ನ ನೋಡ್ರಿ," ಎಂದಳು ಮಹಮೂದಾಬೇಗಂ.

ಹಿಂದಿನ ಗೋಡೆಯ ತುಂಬ ಸೀಮೆಸುಣ್ಣದ ಬರಹ. ಪಕ್ಕದ ಮೊಳೆಗೆ ಒಂದು ಸ್ಪ್ರಿಂಗ್ ತಕ್ಕಡಿ, ಅದರ ಕೊಕ್ಕೆಗೆ ಒಂದು ಹಳೆಯ ಬ್ರೇಕ್ ಹಿಡಿಕೆ ಕಟ್ಟಿತ್ತು.

"ಬ್ರೇಕಿನ ಕೆಲಸಕ್ಕ ಯಾರ ಬಂದ್ರೂ ಮದ್ಲ ಇದನ್ನ ಜಗ್ಗಿಸ್ತಾರ. ಕೈ ಎಷ್ಟ ಜಗ್ತೈತೋ ಅಷ್ಟ ಬರೀತಾರ. ಆಮ್ಯಾಲೆ ಸಾಮಾನು ಆರಿಸ್ತಾರ. ಮಂದಿ ನಗ್ತಾರರಿ. ಬ್ರೇಕು ರಿಪೇರಿಗೆ ಬಂದೇವೋ ತೂಕಕ್ಕ ಬಂದೇವೋ ಅಂತ."

ಅನಸೂಯಾಬಾಯಿ ಓದಿದರು. 'ಫಕ್ಕೀರಪ್ಪ, ಹಲಗೇರಿ, ಗೌಂಡಿ ಕೆಲಸ – ೧೨ ಕಿಲೊ.' 'ದೇವರಗುಡ್ಡದ ಪೂಜಾರರು – ೭.' ಎಡ ಮೂಲೆಯಲ್ಲಿ, 'ವೀರೇಂದ್ರ, ಬ್ಯಾಡಗಿ. ಎರಡು ಬೆರಳಿಗೆ ಬಲ ಇಲ್ಲ. ೪ ಕಿಲೊ. ಹದಿನಾಲ್ಕು ಬೇಡ. ಹನ್ನೊಂದು.'

ಅದರ ಕೆಳಗೆ, ಹಳತಾಗಿ ಅರ್ಧ ಅಳಿಸಿದ ಸಾಲು: 'ಕಾಲೇಜಿನ ಬಾಯಾರು, ಸ್ಕೂಟರ್. ಗಂಟು ನೋವು. ೩. ಭಾಳ ಮೆತ್ತಗಿರಲಿ. ಹೇಳಬಾರದು, ಬ್ಯಾಸರ ಮಾಡ್ಕೋತಾರ.'

ಎರಡು ವರ್ಷದ ಹಿಂದೆ ಸ್ಕೂಟರಿನ ಬ್ರೇಕು ಇದ್ದಕ್ಕಿದ್ದಂತೆ ಹಗುರಾಗಿತ್ತು. ತಮ್ಮ ಬೆರಳಿನ ನೋವೇ ವಾಸಿಯಾಯಿತೆಂದು ಅವರು ಅಂದುಕೊಂಡಿದ್ದರು. ತಕ್ಕಡಿ ಜಗ್ಗಿದ್ದು ನೆನಪಿತ್ತು. ಅದು ಅವನ ಹುಚ್ಚಾಟವೆಂದು ನಕ್ಕಿದ್ದೂ ನೆನಪಿತ್ತು. ಅದೇ ಬೆರಳಿನಿಂದ ಅವನ ವಿರುದ್ಧ ಸಹಿ ಹಾಕಿದ್ದರು.

ಎದುರಿನ ಕಾಯಿನ್ ಬೂತಿನಿಂದ ಠಾಣೆಗೆ ಫೋನು ಮಾಡಿದರು.

"ಗೋಡಿ ಬರಹಾ ನಡಿಯೂದಿಲ್ಲರಿ ಬಾಯಾರ," ಎಂದ ಮೈಲಾರೆಪ್ಪ. "ನಿನ್ನಿ ಹೆಂಡ್ತಿ ಬರದಾಳ ಅಂತಾರ. ಸಾಮಾನು ಬೇಕು. ಮತ್ತ... ಅಂವ ಈಗ ನೀರೂ ವಲ್ಲೆ ಅನ್ನಾಕತ್ಯಾನ. ಡಾಕ್ಟರಿಗೆ ಹೇಳಿ ಕಳಸೇನಿ. ಲಗೂ ಮಾಡ್ರಿ."

ರಿಸೀವರ್ ಇಟ್ಟರೂ ಅವರ ಕೈ ಅದನ್ನು ಬಿಡಲಿಲ್ಲ. ಹದಿನಾಲ್ಕು ಡಬ್ಬಿಯಲ್ಲಿ ವೀರೇಂದ್ರನ ಮನೆಗೆ ಹೋಗಿತ್ತು. ಅದು ತನ್ನ ಕೈಗೆ ಆಗದೆಂದು ವೀರೇಂದ್ರನಿಗೆ ಗೊತ್ತಿತ್ತು. ಹಾಗಾದರೆ ಅದನ್ನು ಗಾಡಿಗೆ ಹಾಕಿದವರು ಆ ಮನೆಯ ಬೇರೆ ಯಾರೋ. ತೆಗೆದ ಹನ್ನೊಂದು ಇದ್ದರೆ ಅಲ್ಲೇ ಇರಬೇಕು. ಅವನನ್ನು ಬಿಟ್ಟರೆ ಆ ಮನೆಯಲ್ಲಿರುವುದು ಇಬ್ಬರೇ. ತಾಯಿ ಭರಮವ್ವ, ಮತ್ತು ಅಣ್ಣ ಕೊಟ್ರೇಶ. ದಸರೆಯಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ ಎಂದು ಊರೆಲ್ಲ ಬಲ್ಲದು.

ಎರಡೂವರೆಯ ಬ್ಯಾಡಗಿ ಬಸ್ಸು ಹೊರಟೇಬಿಟ್ಟಿತ್ತು. ಮಹಮೂದಾಬೇಗಂ ಬುರ್ಖಾ ಎತ್ತಿಕೊಂಡು ಓಡಿ ಅದರ ಮುಂದೆ ನಿಂತಳು. ಕಂಡಕ್ಟರ್ ಬೈಯಲು ಬಾಯಿ ತೆರೆದವನು ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಮುದುಕಿಯನ್ನು ನೋಡಿ, ಇಳಿದು ಕೈ ಕೊಟ್ಟು ಹತ್ತಿಸಿಕೊಂಡ.

*

ದಲಾಲಿ ಅಂಗಡಿಯ ಅಂಗಳ ಕಣ್ಣು ಕುಕ್ಕುವಷ್ಟು ಕೆಂಪಾಗಿತ್ತು. ರಾಶಿಯ ಸುತ್ತ ಏಳೆಂಟು ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಅವರ ನಡುವೆ, ಅವರಂಥದೇ ಮಾಸಿದ ಸೀರೆಯಲ್ಲಿ, ಅಂಗಡಿಯ ಒಡತಿ ಭರಮವ್ವ. ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲ ಎಂದು ಮೊದಲಿನಿಂದಲೂ ಹೆಂಗಸರೊಂದಿಗೇ ಕೂರುವವಳು. ಈ ಒಂಬತ್ತು ದಿನ ಒಂದು ಮಾತೂ ಆಡಿರಲಿಲ್ಲ. ಪಕ್ಕದವಳು ಆಗಾಗ ತನ್ನ ಬಿಡಿಸಿದ ಕಾಯಿಯನ್ನು ಭರಮವ್ವನ ಬುಟ್ಟಿಗೆ ಹಾಕುತ್ತಿದ್ದಳು, ಅವಳ ಕೈ ನಿಂತಿದ್ದು ಯಾರಿಗೂ ಕಾಣದಿರಲೆಂದು.

ಕೊಟ್ರೇಶ ಕಟ್ಟೆಯ ಮೇಲೆ ಮಂಡಿಯೂರಿ, ಚೀಲ ತೂಗುವ ಕಾಂಟಾದ ಬೋಲ್ಟನ್ನು ಪಾನಾದಿಂದ ಬಿಗಿ ಮಾಡುತ್ತಿದ್ದ. ಮೂರು ಸುತ್ತು, ಒಂದು ಸಣ್ಣ ಒತ್ತು, ಮುಗಿಯಿತು. ಎರಡೂ ಕೈಗೆ ಬಟ್ಟೆಯ ಗವಸು ಹಾಕಿಕೊಂಡಿದ್ದ. ಅವರನ್ನು ಕಂಡು ಎದ್ದ.

"ಪಂಚನಾಮಿಗೆ ಸಹಿ ಮಾಡಿದ ಬಾಯಾರು ನೀವ ಅಲ್ಲೇನ್ರಿ? ಬರ್ರಿ, ಕುಂದ್ರಿ. ಚಾ ತಗೋತೀರಿ?"

"ಚಾಕ್ಕ ಹೊತ್ತಿಲ್ಲ ಕೊಟ್ರೇಶಪ್ಪ. ಆ ಸಹಿ ತಪ್ಪಾಗ್ಯದ. ಅದನ್ನ ಹೇಳಲಿಕ್ಕೆ ಬಂದೇನಿ."

"ತಪ್ಪಾಗ್ಯದ!" ಅವನ ದನಿ ಏರಿತು. ಕೂಲಿಗಳು ಚೀಲ ಹೊರುವುದನ್ನು ನಿಲ್ಲಿಸಿದರು. "ನನ್ನ ತಮ್ಮ ಕಣ್ಣ ತೆರೀವಲ್ಲ. ನೀವು ಬಂದು ತಪ್ಪಾಗ್ಯದ ಅಂತೀರಿ. ನಿಮ್ಮ ಸ್ಕೂಟರ್ ಪುಕಟೆ ರಿಪೇರಿ ಮಾಡ್ತಾನೇನು ಆ ದಾದಾಪೀರ?"

"ವೀರೇಂದ್ರ ಹುಬ್ಬಳ್ಳಿಯಿಂದ ಒಂದ ಡಬ್ಬಿ ತಂದಿದ್ದ. ಅದು ಈ ಮನಿಗೆ ಬಂತು. ಅದರೊಳಗಿನ ಸಾಮಾನು ಈಗ ಗಾಡಿಗೆ ಅದ. ಯಾರ ಹಾಕಿದ್ರು?"

"ಯಾವ ಡಬ್ಬಿ? ನನಗ ಗೊತ್ತಿಲ್ಲ."

"ದಾದಾಪೀರ ಹಾಕಿದ್ದು ತಗದು ಎಲ್ಲಿಟ್ಟೀರಿ? ಅದನ್ನ ಒಂದು ಕೊಡ್ರಿ. ನಾ ಮತ್ತೇನೂ ಕೇಳೂದಿಲ್ಲ. ಆ ಮನುಷ್ಯ ಮೂರು ದಿನ ಆತು, ಉಂಡಿಲ್ಲ. ಇವತ್ತ ನೀರೂ ಬಿಟ್ಟಾನ. ಐದಕ್ಕ ಜೈಲಿಗೆ ಒಯ್ತಾರ. ಒಳಗ ಸತ್ತ ಹೋಗ್ತಾನ."

ತೊಟ್ಟು ಬಿಡಿಸುವ ಹೆಂಗಸರ ನಡುವೆ ಒಂದು ಕೈ ನಿಂತಿತು. ಅನಸೂಯಾಬಾಯಿ ಅದನ್ನು ಗಮನಿಸಲಿಲ್ಲ. ಅವರ ಕಣ್ಣು ಕೊಟ್ರೇಶನ ಕೈಯ ಬಟ್ಟೆಯ ಗವಸಿನ ಮೇಲಿತ್ತು.

"ಬ್ರೇಕಿನ ಮುಚ್ಚಳದ ರಬ್ಬರಿಗೆ ಮೆಣಸಿನಕಾಯಿ ಕೆಂಪು ಹತ್ಯದ," ಎಂದರು. "ನಿಮ್ಮ ಕೈ ತೋರಸ್ರಿ."

ಮುದುಕ ಹಮಾಲನೊಬ್ಬ ನೆಲ ನೋಡಿದ. ಕೊಟ್ರೇಶ ಒಂದೊಂದೇ ಕೈಯಿಂದ ಗವಸು ಕಳಚಿದ.

ಬಿಳಿಚಿ, ಪೊರೆ ಎದ್ದು, ಬಿರುಕು ಬಿಟ್ಟ ಕೈಗಳು. ಮುಲಾಮಿನ ವಾಸನೆ. ಕೆಂಪಿನ ಒಂದು ಗೆರೆಯೂ ಇರಲಿಲ್ಲ.

"ಹನ್ನೆರಡ ವರ್ಷ ಆತು, ನಾ ಒಂದ ಕಾಯಿ ಮುಟ್ಟಿಲ್ಲರಿ. ಮುಟ್ಟಿದ್ರ ಮೈ ಎಲ್ಲಾ ಗುಳ್ಳಿ." ಅವನು ಗಾದಿಯ ಮೇಲಿದ್ದ ಸ್ಟೀಲಿನ ಚಿಮಟಾದಿಂದ ಒಂದು ಕಾಯಿ ಎತ್ತಿ ಅವರ ಮುಖದ ಮುಂದೆ ಹಿಡಿದ. "ಪ್ಯಾಟಿಯೊಳಗ ಚಿಮಟಾ ಸಾವಕಾರ ಅಂತಾರ ನನಗ. ಕೇಳಿ ನೋಡ್ರಿ ಯಾರನ್ನಾರ. ಕೈ ನೋಡಿದ್ರಿ? ಇನ್ನ ನಡ್ರಿ."

ಅನಸೂಯಾಬಾಯಿ ಬೆಳಿಗ್ಗೆಯಿಂದ ಒಂದೊಂದೇ ಕಲ್ಲಿಟ್ಟು ಕಟ್ಟಿದ್ದು ಆ ಬಿಳಿ ಕೈಗಳ ಮುಂದೆ ಕುಸಿದು ಬಿತ್ತು. ಎರಡನೆಯ ಸಲ ತಪ್ಪು ಮನುಷ್ಯನತ್ತ ಬೆರಳು ಮಾಡಿದ್ದರು, ಅದೂ ನಾಲ್ಕು ಜನರ ನಡುವೆ, ರೋಗದ ಕೈ ಬಿಚ್ಚಿಸಿ.

"ಕ್ಷಮಾ ಮಾಡ್ರಿ," ಎಂದಷ್ಟೇ ಅಂದು ಹೊರಬಂದರು.

*

ಹೊರಗಿನ ಕಟ್ಟೆಯ ಮೇಲೆ ಮಹಮೂದಾಬೇಗಂ ಕಾಯುತ್ತಿದ್ದಳು. ಮುಖ ನೋಡಿಯೇ ಅವಳಿಗೆ ತಿಳಿಯಿತು. ಗಂಡನಿಗೆಂದು ತಂದಿದ್ದ ನೀರಿನ ಬಾಟಲಿ ಬಿಚ್ಚಿ ಅವರ ಕೈಗಿತ್ತಳು.

"ಎಷ್ಟಾತು?"

"ನಾಕಕ್ಕ ಹತ್ತ ಕಮ್ಮಿ. ನಾಕಕ್ಕ ಹಾವೇರಿ ಬಸ್ಸೈತಿ. ಅದ ತಪ್ಪಿದ್ರ ಐದೂವರಿ."

ಬರಿಗೈಯಲ್ಲಿ ಹೋಗಿ ದಾದಾಪೀರನ ಮುಂದೆ ನಿಲ್ಲುವುದು ಹೇಗೆ? ಉಣ್ಣು ಎಂದು ಯಾವ ಬಾಯಿಂದ ಹೇಳುವುದು? ಅವರು ಅಲ್ಲೇ ಕಟ್ಟೆಯ ಮೇಲೆ ಕೂತರು.

ಒಳಗೆ ಕೊಟ್ರೇಶ ಮತ್ತೆ ಕಾಂಟಾದ ಕೆಲಸಕ್ಕೆ ಕೂತಿದ್ದ. ಪಾನಾ ಬೋಲ್ಟಿಗೆ ತಾಗುವ ಸದ್ದು ಹೊರಗೆ ಸಣ್ಣಗೆ ಕೇಳುತ್ತಿತ್ತು.

ಕಟ್ಟೆಯ ಪಕ್ಕದ ಹಿತ್ತಲ ಬಾಗಿಲು ತೆರೆಯಿತು. ಭರಮವ್ವ. ಗೋಡೆ ಹಿಡಿದು ಬಂದು ಅವರ ಮುಂದೆ ನಿಂತಳು. ಕೈಯಲ್ಲಿ ಬಿಳಿ ಅರಿವೆಯಲ್ಲಿ ಕಟ್ಟಿದ ಬುತ್ತಿ.

"ಅಂವ ಉಣವಲ್ಲ ಅಂದ್ರಲ್ಲರಿ." ಒಂಬತ್ತು ದಿನ ಬಳಸದ ದನಿ ಒಡೆದು ಬಂತು. "ನಾಕ ರೊಟ್ಟಿ ಅದಾವು. ಪುಂಡಿಪಲ್ಯೆ."

ಅನಸೂಯಾಬಾಯಿ ಆ ಕೈ ನೋಡಿದರು. ಬುತ್ತಿಯ ಗಂಟನ್ನು ಚಿವುಟಿ ಹಿಡಿದಿತ್ತು. ಹೆಬ್ಬೆರಳಿಗೆ ಅಗಲವಾದ ಕೆಂಪು, ತೋರುಬೆರಳಿಗೆ ಕಿರಿದಾದ ಕೆಂಪು. ಅಜ್ಜಿಯ ಕೈ. ರಬ್ಬರಿನ ಮೇಲಿನ ಕಲೆ.

"ಅವ್ವಾರ..." ಅವರು ಆ ಹೆಬ್ಬೆರಳನ್ನು ಮುಟ್ಟಿದರು. "ಆ ಮುಚ್ಚಳಾ ಮುಟ್ಟಿದವ್ರು ನೀವೇನ್ರಿ?"

"ನನಗ ಏನ ತಿಳೀತೈತ್ರಿ? ಗಾಡಿ ಬೀಳೂ ಹಿಂದಿನ ರಾತ್ರಿ ಕೊಟ್ರೇಶ ಬಂದ. ನಮ್ಮ ಹುಡುಗಗ ದಾದಾಪೀರ ಗುಜರಿ ಸಾಮಾನು ಹಾಕಿ ಕಳಸ್ಯಾನ, ಹೊಸಾದು ಡಬ್ಬಿಯೊಳಗ ಹಂಗ ಬಿದ್ದೈತಿ, ದೊಡ್ಡದು ಐತಿ, ಛಲೋ ಹಿಡೀತೈತಿ ಅಂದ. ತಮ್ಮಗ ಹೇಳಬ್ಯಾಡ, ನಾ ಮಾಡೇನಿ ಅಂದ್ರ ಕಿತ್ತ ಒಗೀತಾನ ಅಂದ. ಮುಚ್ಚಳಾ ಹಿಡಕೋ ಬಾ ಯವ್ವಾ ಅಂದ. ಮಾತಿಲ್ದ ಅಣ್ಣ ತಮ್ಮನ ಗಾಡಿ ಮುಂದ ಕುಂತಾನಲ್ಲ ಅಂತ ನನಗ ಹಿಗ್ಗಾತು. ಮುಚ್ಚಳಾ ಹಿಡಕೊಂಡು ನಿಂತೆ."

ಎರಡು ಬೆರಳಿನ ಸಂಗತಿ ಆ ಅಣ್ಣನಿಗೆ ಗೊತ್ತಿತ್ತು. ದೊಡ್ಡದು ಹಿಡಿಕೆಯನ್ನು ಬಿಗಿ ಮಾಡುತ್ತದೆಂಬುದು ಗೊತ್ತಿತ್ತೇ? ಸಬ್ ಇನ್ಸ್‌ಪೆಕ್ಟರಿನಂತೆ, ಊರಿನಂತೆ, ದೊಡ್ಡದೇ ಒಳ್ಳೆಯದೆಂದು ನಂಬಿದ್ದನೇ? ಹಾಗಿದ್ದರೆ ಡಬ್ಬಿಯೇ ಗೊತ್ತಿಲ್ಲ ಎಂದು ಯಾಕೆ ಅಂದ?

"ಅವ್ವಾರ, ಅಂವಗ ಗೊತ್ತಿತ್ತೇನ್ರಿ?"

ಒಳಗೆ ಪಾನಾದ ಸದ್ದು ನಿಂತಿತು.

ಭರಮವ್ವ ಹಿಂದಕ್ಕೆ ತಿರುಗಿ ನೋಡಲಿಲ್ಲ. ಬುತ್ತಿಯನ್ನು ಅನಸೂಯಾಬಾಯಿಯ ಎರಡೂ ಅಂಗೈಗಳ ಮೇಲೆ ಮೆಲ್ಲಗೆ ಇಟ್ಟು, ಬೆರಳುಗಳನ್ನು ಅದರ ಸುತ್ತ ತಾನೇ ಮಡಚಿದಳು. ರೊಟ್ಟಿ ಇನ್ನೂ ಬೆಚ್ಚಗಿದ್ದವು. ಅವುಗಳ ಕೆಳಗೆ, ಅರಿವೆಯ ಒಂದು ಪದರದ ಆಚೆ, ತಣ್ಣಗೆ ಗಟ್ಟಿಯಾದುದೇನೋ ಅಂಗೈಗೆ ಒತ್ತಿತು. ಅದರ ತಳದಲ್ಲಿ, ಅಕ್ಕಪಕ್ಕ, ಎರಡು ಸಣ್ಣ ತಗ್ಗು ಬೆರಳಿಗೆ ತಾಕಿದವು.